ಅತ್ತೆಯ ಕಥೆಗೆ ಬೆಟ್ಟದ ಸೈಕಲ್ಲಿನಲ್ಲಿ ಹೊರಟದ್ದು

“ಬರೀ ಮೂವತ್ತೆಂಟು ಕಿಲೋಮೀಟರು! ಅದೂ ಮೇಜಿನ ಹಾಗೆ ಮಟ್ಟಸವಾದ ನೆಲ! ಹನ್ನೊಂದಕ್ಕೆ ಹೊರಟ್ರೆ ಒಂದೂಕಾಲಿಗೆ ನಿಮ್ಮಮ್ಮನ ಮನೇಲಿರ್ತೀನಿ. ಕೈಕಾಲು ತೊಳ್ದು, ತಲೆ ಬಾಚಿ, ಧ್ವನಿಮುದ್ರಣದ ಯಂತ್ರ ಜೋಡ್ಸಿದ ಮೇಲೂ ಅರ್ಧ ಗಂಟೆ ಮಿಗತ್ತೆ!”

ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ರೂಲೀನ್ ಅಡುಗೆಮನೆಯಲ್ಲಿ ಸೇಬಿನ ಕೇಕನ್ನು ಡಬ್ಬಿಗೆ ಇಳಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಹನ್ನೊಂದೂವರೆಗೆ ರೈಲಿದೆ, ಈವರ್ಟ್. ಕೂತ್ರೆ ಸಾಕು, ಅದೇ ಕರ್ಕೊಂಡು ಹೋಗತ್ತೆ.”

“ರೈಲಲ್ಲಿ ಯಾರು ಬೇಕಾದ್ರೂ ಹೋಗ್ತಾರೆ.”

“ಅದಕ್ಕೇ ಅಲ್ವಾ ರೈಲು ಮಾಡಿರೋದು?”

ವಾದವನ್ನು ಅಲ್ಲಿಗೇ ಒಪ್ಪಿಕೊಂಡಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಆದರೆ ವಿಶ್ವವಿದ್ಯಾಲಯದಲ್ಲಿ ಓದಿದವನಿಗೆ ಸೋಲನ್ನು ಗುರುತಿಸುವುದಕ್ಕೆ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ.

ವಿಷಯದ ಗುರುತ್ವವನ್ನು ಮೊದಲು ಕ್ರಮವಾಗಿ ನಿವೇದಿಸುತ್ತೇನೆ. ನನ್ನ ಕಸುಬು ನೆನಪುಗಳನ್ನು ಸಂಗ್ರಹಿಸುವುದು. ಕಳೆದ ಇಪ್ಪತ್ತೆಂಟು ವರ್ಷಗಳಿಂದ ನಾನು ನಮ್ಮ ಸೀಮೆಯ ನದಿ ಕಾಲುವೆಗಳುದ್ದಕ್ಕೂ ತಿರುಗಿ ಸೇತುವೆ ಕಾಯುವವರು, ದೋಣಿ ಎಳೆಯುವವರು, ತೂಬು ತೆರೆಯುವವರು, ಇವರೆಲ್ಲರ ಬಾಯಿಯ ಮಾತನ್ನು ಅವರ ಬಾಯಿಂದಲೇ ಹಿಡಿದು ಡಬ್ಬಿಗಳಲ್ಲಿ ತುಂಬಿಟ್ಟಿದ್ದೇನೆ. ದೋಣಿಗಳಿಗೆ ದಾರಿ ಬಿಡಲು ಮೇಲೇಳುವ ಎತ್ತುಸೇತುವೆಗಳ ಕುರಿತ ನನ್ನ ಗ್ರಂಥದ ಹದಿಮೂರು ಅಧ್ಯಾಯಗಳು ಸಿದ್ಧವಾಗಿ ಎರಡು ವರ್ಷವಾಯಿತು. ಹದಿನಾಲ್ಕನೆಯದು ಖಾಲಿ. ಅದರ ಶೀರ್ಷಿಕೆ ಮಾತ್ರ ಇದೆ: ‘ಮೂರು ಗಂಟೆ ಮೇಲೇಳದ ಸೇತುವೆ’.

ಆ ಸೇತುವೆಯನ್ನು ಮೇಲೆತ್ತದೆ ಕೂತವಳು ಬೇರೆ ಯಾರೂ ಅಲ್ಲ, ನನ್ನ ಅತ್ತೆ ಗೆಜೀನಾ! ಹದಿನೆಂಟರ ಹುಡುಗಿಯಾಗಿದ್ದಾಗ, ಸೇತುವೆ ಕಾಯುವ ತಂದೆ ಜ್ವರದಿಂದ ಮಲಗಿದ್ದ ಒಂದು ಬೇಸಿಗೆಯ ಮಧ್ಯಾಹ್ನ, ಈಕೆ ಸೇತುವೆಯನ್ನು ಇಳಿಸಿಟ್ಟು, ಸರಪಣಿಗೆ ಬೀಗ ಹಾಕಿ, ಬೀಗದ ಕೈಯನ್ನು ಎಪ್ರನ್ನಿನ ಜೇಬಿಗೆ ಹಾಕಿಕೊಂಡು ಮೂರು ಗಂಟೆ ಕಾಲ ಕುರ್ಚಿಯ ಮೇಲೆ ಕೂತುಬಿಟ್ಟಳು. ನೀರಿನಲ್ಲಿ ಹನ್ನೊಂದು ದೋಣಿಗಳು ನಿಂತವು. ಅದರಲ್ಲೊಂದು ಊರಿನ ಮೇಯರರದು, ಅತಿಥಿಗಳ ಸಮೇತ. ಯಾಕೆ ಹಾಗೆ ಮಾಡಿದೆ ಎಂದು ಅವಳು ತಂದೆಗೂ ಹೇಳಲಿಲ್ಲ, ಮೇಯರರಿಗೂ ಹೇಳಲಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳಲಿಲ್ಲ. ಹನ್ನೊಂದು ವರ್ಷಗಳಿಂದ ನಾನು ಕೇಳುತ್ತಲೇ ಇದ್ದೆ. ಕಡೆಗೆ ಹೋದ ತಿಂಗಳು ಫೋನಿನಲ್ಲಿ ಹೇಳಿದಳು:

“ನಂಗೆ ಎಂಬತ್ತು ತುಂಬೋ ದಿನ, ಮಧ್ಯಾಹ್ನ ಎರಡು ಗಂಟೆಗೆ, ಎಲ್ಲರೂ ಕೂತಿರ್ತಾರೆ. ಆಗ ಹೇಳ್ತೀನಿ. ಒಂದೇ ಸಲ. ಬೇಕಾದ್ರೆ ನಿನ್ನ ಯಂತ್ರ ತಗೊಂಡು ಬಾ, ಅಳಿಯ.”

ಇಂಥ ಐತಿಹಾಸಿಕ ಘಳಿಗೆಗೆ ಬೆಟ್ಟದ ಸೈಕಲ್ಲಿನಲ್ಲಿ ಹೋಗಬೇಕೆಂಬ ಬುದ್ಧಿ ಹೇಗೆ ಬಂತೆಂದು ನೀವು ಕೇಳಬಹುದು. ರೂಲೀನಳಿಗೆ ನಾನು ಕೊಟ್ಟ ಉತ್ತರ ಹೀಗಿತ್ತು: ಆ ಸೇತುವೆಗೆ ಬರುತ್ತಿದ್ದ ದೋಣಿಗಳು ಯಾವ ನದಿಯ ಗುಂಟ ಬಂದವೋ ಅದೇ ನದಿಯ ಗುಂಟ, ಗಾಳಿ ಮಣ್ಣುಗಳನ್ನು ಅನುಭವಿಸುತ್ತ ಹೋಗುವುದೇ ನಿಜವಾದ ಕ್ಷೇತ್ರಕಾರ್ಯ. ನಿಜವಾದ ಉತ್ತರ ಇಷ್ಟೇ: ಆ ಸೈಕಲ್ಲು ಮೂರು ತಿಂಗಳಿಂದ ಶೆಡ್ಡಿನ ಮೊಳೆಗೆ ನೇತಾಡುತ್ತಿತ್ತು, ಪಕ್ಕದ ಮನೆಯವನು ಪ್ರತಿ ಭಾನುವಾರ “ಚಿತ್ರ ಚೆನ್ನಾಗಿದೆ” ಎನ್ನುತ್ತಿದ್ದ.

ಸೈಕಲ್ಲಿನ ವರ್ಣನೆಯನ್ನೂ ಮಾಡಲೇಬೇಕು. ಮುಂದಿನ ಫೋರ್ಕಿನಲ್ಲಿ ಬಂಡೆಯ ಮೇಲಿಂದ ಹಾರಿದರೂ ಹೊಟ್ಟೆಯ ನೀರು ಅಲುಗದಂಥ ಸ್ಪ್ರಿಂಗು. ಕರಡಿಯ ಪಾದದಂಥ ಟೈರು. ಹನ್ನೆರಡು ಗೇರು, ಅವುಗಳಲ್ಲಿ ಎಂಟು ಕಡಿದಾದ ಏರಿಗೆಂದೇ ಮೀಸಲು. ನಮ್ಮ ತಾಲ್ಲೂಕಿನ ಅತ್ಯುನ್ನತ ಶಿಖರ ಹೆದ್ದಾರಿಯ ಮೇಲ್ಸೇತುವೆ. ಅದನ್ನು ಏರಲು ಏಳು ಪೆಡಲು ಸಾಕು.

ಸೈಕಲ್ಲು ಮನೆಗೆ ಬಂದ ದಿನ ರೂಲೀನ್ ಅದನ್ನು ಸುತ್ತುಹಾಕಿ ನೋಡಿದ್ದಳು. “ಮಡ್‌ಗಾರ್ಡಿಲ್ಲ, ಕ್ಯಾರಿಯರಿಲ್ಲ, ಗಂಟೆಯಿಲ್ಲ, ಸ್ಟ್ಯಾಂಡಿಲ್ಲ. ಇದು ಸೈಕಲ್ಲೋ, ಸೈಕಲ್ಲಿನ ಅಸ್ಥಿಪಂಜರವೋ?”

“ಇದನ್ನ ಆಲ್ಪ್ಸ್ ಪರ್ವತಕ್ಕೆ ಅಂತ ಮಾಡಿದ್ದಾರೆ!”

“ಹಾಗಾದ್ರೆ ಅದನ್ನ ಅಲ್ಲಿಗೇ ಕಳ್ಸು. ಇಲ್ಲಿ ಅದಕ್ಕೆ ಬೇಜಾರಾಗತ್ತೆ.”

ಹೊರಡುವ ಹೊತ್ತಿಗೆ ಆಕೆ ಬಾಗಿಲಲ್ಲಿ ನಿಂತು ಹೇಳಿದ್ದು ಎರಡೇ ಮಾತು. “ಅಮ್ಮ ಹೊಸ ಮನೆಗೆ ಹೋಗಿ ಮೂರು ವಾರ ಆಯ್ತು. ಸಾಮಾನು ಸಾಗಿಸೋ ದಿನ ನೀನು ಯಾವನೋ ತೂಬಿನವನ ಸಂದರ್ಶನ ಅಂತ ತಪ್ಪಿಸ್ಕೊಂಡೆ. ವಿಳಾಸ ಗೊತ್ತಾ?”

“ಫೋನಲ್ಲಿದೆ!” ಎಂದು ಹ್ಯಾಂಡಲ್ಲಿಗೆ ಸಿಕ್ಕಿಸಿದ್ದ ಫೋನನ್ನು ತಟ್ಟಿ ತೋರಿಸಿದೆ. ಧ್ವನಿಮುದ್ರಕವನ್ನು ನೀರು ಹೋಗದ ಚೀಲದಲ್ಲಿಟ್ಟು ಎಳೆಗೂಸಿನಂತೆ ಎದೆಗೆ ಕಟ್ಟಿಕೊಂಡಿದ್ದೆ.

“ಸರಿ. ಅಮ್ಮ ಕಾಯೋದಿಲ್ಲ, ಅದು ನೆನಪಿರ್ಲಿ. ಮೇಯರನ್ನೇ ಕಾಯ್ಸಿದವಳು ಅವಳು.”

ನಮ್ಮ ಜ್ವೋಲೆ ಪಟ್ಟಣದ ಹಳೆಯ ಕೋಟೆ ಬಾಗಿಲಿನ ಗೋಪುರಗಳ ಕೆಳಗೆ ದಿಗ್ವಿಜಯಕ್ಕೆ ಹೊರಟ ದಳವಾಯಿಯಂತೆ ಹಾದು, ಕಂದಕದ ಸೇತುವೆ ದಾಟಿ, ವೆಖ್ತ್ ನದಿಯ ದಂಡೆಯನ್ನು ಹಿಡಿದೆ. ನನ್ನ ಲೆಕ್ಕಾಚಾರದಲ್ಲಿ ಗಾಳಿಗೂ ಪಾತ್ರವಿತ್ತು. ನಮ್ಮಲ್ಲಿ ವರ್ಷದ ಬಹುಪಾಲು ಗಾಳಿ ನೈಋತ್ಯದಿಂದ ಬೀಸುತ್ತದೆ. ನಾನು ಹೋಗಬೇಕಾದದ್ದು ಪೂರ್ವಕ್ಕೆ. ಅಂದರೆ ಪ್ರಕೃತಿಯೇ ಬೆನ್ನಿಗೆ ಕೈಯಿಟ್ಟು ದೂಡಬೇಕು. ಆ ದಿನ ಗಾಳಿ ಪೂರ್ವದಿಂದ ಬೀಸಿತು. ಬೀಸಿತು ಎಂಬುದು ಬಹಳ ಮೃದುವಾದ ಮಾತು. ನನ್ನ ಮೇಲೆ ಏನೋ ಹಳೆಯ ವೈರವಿದ್ದಂತೆ ಎದೆಗೇ ಕೈಹಾಕಿ ನಿಲ್ಲಿಸಿತು! ಆಲ್ಪ್ಸಿನ ಏರಿಗೆಂದು ಮೀಸಲಾಗಿದ್ದ ಎಂಟೂ ಗೇರುಗಳನ್ನು ನಾನು ದಂಡೆಯ ಮಟ್ಟಸ ಹಾದಿಯಲ್ಲೇ ಖರ್ಚು ಮಾಡಿದೆ.

ಆಗ ಬ್ಯಾಟರಿ ಸೈಕಲ್ಲುಗಳ ಮೇಲೆ ನೆಟ್ಟಗೆ ಕೂತ ನಾಲ್ವರು ಅಜ್ಜಿಯರು ಹಿಂದಿನಿಂದ ಬಂದರು. ಅವರು ಯಾವುದೋ ಸೊಂಟದ ಶಸ್ತ್ರಚಿಕಿತ್ಸೆಯ ವಿಷಯ ಮಾತಾಡುತ್ತಿದ್ದರು. ನನ್ನನ್ನು ಹಿಂದೆ ಹಾಕುವಾಗಲೂ ಮಾತು ನಿಲ್ಲಿಸಲಿಲ್ಲ. ಕೊನೆಯಾಕೆ ಮಾತ್ರ ಒಮ್ಮೆ ತಿರುಗಿ ನೋಡಿ, “ಟೈರಿಗೆ ಗಾಳಿ ಕಮ್ಮಿ ಇರ್ಬೇಕು, ಪಾಪ” ಎಂದಳು.

ಈ ಅಪಮಾನದ ಫಲವಾಗಿ ನಾನು ಡಾಂಬರು ದಾರಿಯನ್ನೇ ತ್ಯಜಿಸಿದೆ. ಬೆಟ್ಟದ ಸೈಕಲ್ಲಿಗೆಂದೇ ಗುರುತಿನ ಕಂಬ ನೆಟ್ಟ ಕಾಡುದಾರಿ ಎಡಕ್ಕಿತ್ತು. ಕಾಡಿನೊಳಗೆ ಗಾಳಿಯಿಲ್ಲ, ಅಜ್ಜಿಯರಿಲ್ಲ! ಆದರೆ ಆ ದಾರಿ ನಿರ್ಮಿಸಿದವರ ಮನೋಧರ್ಮವನ್ನು ನಾನು ಅಧ್ಯಯನ ಮಾಡಿರಲಿಲ್ಲ. ನಮ್ಮ ಕಾಡು ಎರಡು ಕಿಲೋಮೀಟರು ಅಗಲ. ಏರಿಳಿತವಿಲ್ಲದ ನೆಲದಲ್ಲಿ ಸಾಹಸವನ್ನು ಎಲ್ಲಿಂದ ತರುವುದು? ಅವರು ಹದಿನಾಲ್ಕು ಕಿಲೋಮೀಟರಿನ ದಾರಿಯನ್ನು ಚಕ್ಕುಲಿಯಂತೆ ಸುತ್ತಿ ಸುತ್ತಿ ಆ ಎರಡು ಕಿಲೋಮೀಟರಿನೊಳಗೇ ಒತ್ತಿಬಿಟ್ಟಿದ್ದರು. ಬೇರುಗಳ ಮೇಲೆ ಕುಣಿದು, ಸಕ್ಕರೆಯಂಥ ಸಡಿಲ ಮರಳಿನಲ್ಲಿ ಹೂತು, ಇಳಿದು, ದೂಡಿ, ಮತ್ತೆ ಹತ್ತಿ ನಾನು ಹೋದಲ್ಲೆಲ್ಲ ಒಂದು ಬೆಂಚು ಎದುರಾಗುತ್ತಿತ್ತು. ಅದರ ಮೇಲೆ ಒಬ್ಬ ಮುದುಕ, ಒಬ್ಬಳು ಮುದುಕಿ, ಒಂದು ಫ್ಲಾಸ್ಕು, ಚೀಸಿನ ಬ್ರೆಡ್ಡು.

ಮೊದಲ ಸಲ ಹಾದಾಗ ಮುದುಕ ತಲೆಯಾಡಿಸಿದ.

ಎರಡನೆಯ ಸಲ ಮುದುಕಿ ಕೇಳಿದಳು, “ಏನಾದ್ರೂ ಬಿಟ್ಟು ಹೋಗಿದ್ರಾ?”

“ಇಲ್ಲ, ಇದೇ ದಾರಿ!”

“ಎಲ್ಲಿಗೆ?”

“ಮೇರ್‌ವೆಲ್ಡ್‌ಗೆ, ಅತ್ತೆ ಮನೆಗೆ!”

ಮೂರನೆಯ ಸಲ ಅವರು ಬೆಂಚಿನಲ್ಲಿ ಸರಿದು ಜಾಗ ಮಾಡಿದ್ದರು. “ಕೂತ್ಕೊಂಡ್ಬಿಡಿ,” ಎಂದ ಮುದುಕ ಕಾಫಿ ಬಗ್ಗಿಸುತ್ತ. “ಹೇಗೂ ಇಲ್ಲಿಗೇ ಬರ್ತೀರಲ್ಲ.”

ಕಂಬಗಳ ಸಹವಾಸ ಬಿಟ್ಟು ನೇರ ನದಿಯತ್ತ ಸೈಕಲ್ಲು ದೂಡಿಕೊಂಡು ನಡೆದೆ. ಅಲ್ಲಿ ನದಿ ದಾಟಲು ನಮ್ಮ ಕಡೆಯ ಸ್ವಸಹಾಯದ ದೋಣಿಯಿದೆ: ದಡದಿಂದ ದಡಕ್ಕೆ ಸರಪಣಿ, ನಡುವೆ ತಟ್ಟೆಯಂಥ ತೆಪ್ಪ, ತಿರುಗಿಸಲು ಚಕ್ರ. ಯಾರು ದಾಟಬೇಕೋ ಅವರೇ ತಿರುಗಿಸಬೇಕು. ತೆಪ್ಪ ಸದಾ ಆಚೆ ದಡದಲ್ಲಿರುತ್ತದೆ. ಇದು ನನ್ನ ಇಪ್ಪತ್ತೆಂಟು ವರ್ಷಗಳ ಕ್ಷೇತ್ರಾನುಭವದಲ್ಲಿ ಅಪವಾದವಿಲ್ಲದ ನಿಯಮ. ಅರುವತ್ತೆರಡು ಸುತ್ತು ತಿರುಗಿಸಿ ಅದನ್ನು ಕರೆಸಿಕೊಂಡೆ. ಸೈಕಲ್ಲನ್ನು ಕಟಕಟೆಗೆ ಒರಗಿಸಿ ಮತ್ತೆ ತಿರುಗಿಸತೊಡಗಿದೆ. ನಡುನೀರಿನಲ್ಲಿ ತೆಪ್ಪ ಒಮ್ಮೆ ತೂಗಿತು. ಆಲ್ಪ್ಸಿಗಾಗಿ ಹುಟ್ಟಿದ ಆ ವಾಹನ ಮರದ ತುಂಡಿನಂತೆ ಅಡ್ಡಬಿತ್ತು. ಹ್ಯಾಂಡಲ್ಲು ಕಟಕಟೆಗೆ ಬಡಿಯಿತು. ಫೋನು ಕಪ್ಪೆಯಂತೆ ನೆಗೆದು ವೆಖ್ತ್ ನದಿಗೆ ಇಳಿದುಹೋಯಿತು.

ಆಚೆ ದಡದಲ್ಲಿ ಒಬ್ಬ ಹೆಂಗಸು ತನ್ನ ಕಪ್ಪು ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಕೈಕಟ್ಟಿ ಎಲ್ಲವನ್ನೂ ನೋಡುತ್ತಿದ್ದಳು.

“ಸ್ಟ್ಯಾಂಡಿಲ್ವಾ ನಿಮ್ಮ ಸೈಕಲ್ಲಿಗೆ?”

“ಇಲ್ಲ ಕಣ್ರೀ. ಇದು ಬೆಟ್ಟದ ಸೈಕಲ್ಲು.”

“ಯಾಕೆ, ಬೆಟ್ಟದಲ್ಲಿ ಯಾರೂ ಇಳಿಯೋದೇ ಇಲ್ವಾ?”

ಸೈಕಲ್ಲು ಹತ್ತಿ ತುಳಿದೆ. ಮುಂದಿನ ಹಳೆಯ ಪಟ್ಟಣದಲ್ಲಿ ಚರ್ಚಿನ ಗಡಿಯಾರ ಒಂದೂ ಇಪ್ಪತ್ತೈದು ತೋರಿಸುತ್ತಿತ್ತು. ಆರುನೂರು ವರ್ಷ ಹಳೆಯ ಬೀದಿಯ ಕಲ್ಲುಹಾಸು ನನ್ನ ಬೆನ್ನುಮೂಳೆಯ ಒಂದೊಂದು ಮಣಿಯನ್ನೂ ಹೆಸರು ಹಿಡಿದು ಮಾತಾಡಿಸಿತು. ಮುಂದಿನ ಸ್ಪ್ರಿಂಗು ತನ್ನ ಕೆಲಸ ಮಾಡಿತು. ಆದರೆ ನಾನು ಕೂತಿದ್ದದ್ದು ಹಿಂದೆ. ಸುತ್ತಲೂ ಗಾಳಿಗಿರಣಿ, ಹೆಂಚಿನ ಮನೆಗಳು, ಕಾಲುವೆಯಲ್ಲಿ ಹಂಸಗಳು; ನಾನು ಯಾವುದನ್ನೂ ನೋಡದೆ, ಬಾಯಿ ತೆರೆದುಕೊಂಡು, ಎರಡು ಗಂಟೆಗೆ ಹತ್ತು ನಿಮಿಷವಿರುವಾಗ ಮೇರ್‌ವೆಲ್ಡ್ ತಲುಪಿದೆ.

ತಲುಪಿದೆನಲ್ಲ! ಆದರೆ ಎಲ್ಲಿಗೆ? ವಿಳಾಸ ನದಿಯ ತಳದಲ್ಲಿತ್ತು. ಅದು ವಯಸ್ಸಾದವರಿಗೆಂದೇ ಕಟ್ಟಿದ ಹೊಸ ಬಡಾವಣೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಸಾಲುಮನೆಗಳು. ಬೀದಿಗಳಿಗೆಲ್ಲ ನೀರುಹಕ್ಕಿಗಳ ಹೆಸರು. ಬೀದಿ ಯಾವ ಹಕ್ಕಿಯದೆಂದು ಮರೆತಿದ್ದರೂ ಮನೆಯ ಸಂಖ್ಯೆ ಹದಿನಾಲ್ಕೆಂಬುದು ಖಚಿತವಾಗಿ ನೆನಪಿತ್ತು. ನನ್ನ ಖಾಲಿ ಅಧ್ಯಾಯದ ಸಂಖ್ಯೆಯೂ ಅದೇ. ಮೊದಲ ಬೀದಿಯಲ್ಲೇ ಹದಿನಾಲ್ಕನೆಯ ಮನೆ. ಕಿಟಕಿಯಲ್ಲಿ ಬಣ್ಣದ ತೋರಣ. ತೋರಣದ ನಡುವೆ ಹೊಳೆಯುವ ಕಾಗದದಲ್ಲಿ ‘೮೦’. ಬಾಗಿಲ ಮುಂದೆ ಹದಿನೈದು ಸೈಕಲ್ಲು. ಸಾಕ್ಷ್ಯ ಇದಕ್ಕಿಂತ ಬಲವಾಗಿರಲು ಸಾಧ್ಯವೇ? ಆ ಬಡಾವಣೆಯಲ್ಲಿ ಎಂಬತ್ತಾಗದವರೇ ಅಪರೂಪವೆಂಬ ಸಣ್ಣ ಅಂಶ ನನಗೆ ಹೊಳೆಯಲಿಲ್ಲ.

ಸೈಕಲ್ಲನ್ನು ಹಿತ್ತಲ ಗೋಡೆಗೆ ಒರಗಿಸಿ ಹಿಂದಿನ ಬಾಗಿಲಿನಿಂದ ಒಳಹೊಕ್ಕೆ. ವಾಡಿಕೆಯಂತೆ ಕುರ್ಚಿಗಳನ್ನು ಗೋಡೆಗುಂಟ ವೃತ್ತಾಕಾರವಾಗಿ ಹಾಕಿ ಹದಿನೇಳು ಜನ ಕೂತಿದ್ದರು. ನಮ್ಮಲ್ಲಿ ಹುಟ್ಟುಹಬ್ಬ ಒಬ್ಬರದಾದರೂ ಅಭಿನಂದನೆ ಎಲ್ಲರಿಗೂ ಸಲ್ಲಬೇಕು. ಬಲಗಡೆಯಿಂದ ಆರಂಭಿಸಿದೆ. “ನಿಮ್ಮ ಅಕ್ಕನ ಹುಟ್ಟುಹಬ್ಬಕ್ಕೆ ಅಭಿನಂದನೆ... ನಿಮ್ಮ ನೆರೆಯವರ ಹುಟ್ಟುಹಬ್ಬಕ್ಕೆ ಅಭಿನಂದನೆ...” ಎಂದು ಹದಿನೇಳು ಕೈಗಳನ್ನೂ ಕುಲುಕಿದೆ. ಹದಿನೇಳು ಜನವೂ ನನಗೆ ಅಭಿನಂದನೆ ಹೇಳಿದರು. ಒಂದು ಮುಖವೂ ಗುರುತು ಹತ್ತಲಿಲ್ಲ. ಅದರಲ್ಲಿ ವಿಶೇಷವೇನೂ ಇಲ್ಲ. ರೂಲೀನಳಿಗೆ ನಲವತ್ತೆರಡು ಮಂದಿ ಸೋದರ ಸಂಬಂಧಿಗಳು, ಮದುವೆಯಾದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ನಾನು ಗುರುತು ಹಿಡಿದದ್ದು ಆರು ಜನರನ್ನು. ಅತ್ತೆಯೂ ಹೆಂಡತಿಯೂ ಅಡುಗೆಮನೆಯಲ್ಲಿರಬೇಕೆಂದುಕೊಂಡು ಖಾಲಿ ಕುರ್ಚಿಯಲ್ಲಿ ಕೂತೆ. ಕಾಫಿ ಬಂತು. ಒಂದು ತುಂಡು ಕೇಕು ಬಂತು.

“ನೀವು ಯಾರ ಕಡೆಯವ್ರು?” ಎಂದು ಪಕ್ಕದ ಗಡ್ಡದವನು ಕೇಳಿದ.

“ನಾನು ಅಳಿಯ.”

“ಅಳಿಯನಾ!” ಗಡ್ಡದವನು ಕೇಕಿನ ತಟ್ಟೆಯನ್ನು ಕೆಳಗಿಟ್ಟ. “ನಾನೂ ಅಳಿಯನೇ. ಒಬ್ಬನೇ ಅಂದ್ಕೊಂಡಿದ್ದೆ.”

“ದೊಡ್ಡ ಸಂಸಾರ ಅಲ್ವಾ!” ಎಂದು ಅವನ ಬೆನ್ನು ತಟ್ಟಿ ಸಮಾಧಾನಪಡಿಸಿದೆ. ಅವನು ಸಭ್ಯ, ಮುಂದೆ ಕೇಳಲಿಲ್ಲ.

ಗೋಡೆ ಗಡಿಯಾರ ಎರಡು ಹೊಡೆಯಿತು. ನಾನು ಎದ್ದುನಿಂತು, ಎದೆಯ ಚೀಲ ಬಿಚ್ಚಿ, ಧ್ವನಿಮುದ್ರಕವನ್ನು ಕಾಫಿ ಮೇಜಿನ ನಡುವೆ ಸ್ಥಾಪಿಸಿ, ಕೆಂಪು ಗುಂಡಿ ಒತ್ತಿ ಸಭೆಯನ್ನುದ್ದೇಶಿಸಿ ನುಡಿದೆ: “ಬಂಧುಗಳೇ! ಇಷ್ಟು ವರ್ಷ ಯಾರಿಗೂ ಹೇಳದ ಮಾತನ್ನು ಇಂದು ಈ ಮನೆಯ ಹಿರಿಯ ಜೀವ ತಾನಾಗಿ ಹೇಳಲಿದೆ. ದಯವಿಟ್ಟು ಯಾರೂ ನಡುವೆ ಮಾತಾಡಬಾರದು!”

ಒಳಬಾಗಿಲು ತೆರೆಯಿತು. ನಾಲ್ಕು ಚಕ್ರದ ನಡೆಗಾಡಿಯನ್ನು ದೂಡುತ್ತ ಒಬ್ಬ ಪುಟ್ಟ ಮುದುಕಿ ಬಂದಳು. ಗುಲಾಬಿ ಬಣ್ಣದ ಮುಖ, ಬೆಳ್ಳಗಿನ ಗುಂಗುರು ಕೂದಲು. ಆಕೆ ನನ್ನ ಅತ್ತೆಯಾಗಿರಲಿಲ್ಲ. ಆ ಮನೆಯಲ್ಲಿ ಯಾರೂ ನನಗೆ ಏನೂ ಆಗಿರಲಿಲ್ಲ!

“ನಂದಾ?” ಎಂದಳು ಆಕೆ, ಕೆಂಪು ದೀಪವನ್ನು ನೋಡುತ್ತ. “ನನ್ನ ಕಥೆನಾ ಕೇಳ್ತಿರೋದು? ನಂಗೆ ಇದುವರೆಗೂ ಯಾರೂ ಏನೂ ಕೇಳೇ ಇಲ್ಲ.”

“ಹೇಳಮ್ಮ ಫೆನ್ನಾ!” ಎಂದರು ಯಾರೋ.

ಫೆನ್ನಾಜ್ಜಿ ಕೂತಳು, ಹೇಳತೊಡಗಿದಳು.

ಇಲ್ಲಿ ನನ್ನ ಶಾಸ್ತ್ರವೇ ನನಗೆ ಉರುಳಾಯಿತು. ನಾನು ವಿದ್ಯಾರ್ಥಿಗಳಿಗೆ ಬೋಧಿಸುವ ಮೊದಲ ನಿಯಮ: ಹೇಳುವವರನ್ನು ತಡೆಯಬೇಡಿ. ಎರಡನೆಯದು: ಗಡಿಯಾರ ನೋಡಬೇಡಿ. ಮೂರನೆಯದು: ಎದ್ದು ಹೋಗಬೇಡಿ. ಮೂರನ್ನೂ ಮುರಿಯುವ ಮನಸ್ಸಿನಿಂದ ಎರಡು ಸಲ ಅರ್ಧ ಎದ್ದೆ. ಎರಡು ಸಲವೂ ಫೆನ್ನಾಜ್ಜಿ ಮಾತು ನಿಲ್ಲಿಸಿ, “ಸರಿಯಾಗಿ ಕೇಳಿಸ್ತಿಲ್ವೇನಪ್ಪಾ? ಗಟ್ಟಿಯಾಗಿ ಹೇಳ್ತೀನಿ” ಎಂದು ಮೊದಲಿನಿಂದ ಆರಂಭಿಸಿದಳು. ಮೂರನೆಯ ಸಲ ಏಳಲಿಲ್ಲ. ತವರುಮನೆಯ ಕಲ್ಲಿದ್ದಲ ಒಲೆ ಹೊಗೆಯಾಡುತ್ತಿದ್ದದ್ದು, ಅದಕ್ಕೆ ಹೊಸ ಕೊಳವೆ ತಂದದ್ದು, ಆ ಕೊಳವೆ ಹೊಂದದೆ ಹೋದದ್ದು, ಚಿಕ್ಕಪ್ಪ ಮತ್ತೊಂದು ಕೊಳವೆ ತಂದದ್ದು, ಇವೆಲ್ಲ ಐವತ್ತೆರಡು ನಿಮಿಷ ಸಾಗಿದವು. ಅವಳ ಮಗಳು ಕಣ್ಣೊರೆಸಿಕೊಂಡು ಗಡ್ಡದ ಗಂಡನಿಗೆ ಪಿಸುಗುಟ್ಟಿದಳು:

“ಇವ್ರನ್ನ ಕರೆಸಿದ್ದು ನೀನಾ? ಎಂಥಾ ಒಳ್ಳೆ ಉಡುಗೊರೆ ಕಣೋ!”

ಗಡ್ಡದವನು ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ. “ಹ್ಞೂಂ,” ಎಂದ.

ಕಥೆ ಮುಗಿದದ್ದೇ ತಡ, ಅವನ ಹೆಂಡತಿಯನ್ನು ಪಕ್ಕಕ್ಕೆ ಕರೆದು ನಡೆದದ್ದನ್ನು ಹೇಳಿ, ಧ್ವನಿಮುದ್ರಣದ ಪ್ರತಿ ಕಳಿಸುತ್ತೇನೆಂದು ಭಾಷೆಯಿತ್ತು, ಗೆಜೀನಾಳ ಮನೆ ಎಲ್ಲಿ ಎಂದು ಕೇಳಿದೆ. ಆಕೆ ನಗುವನ್ನು ಕಷ್ಟಪಟ್ಟು ನುಂಗಿ ಹಿತ್ತಲತ್ತ ಬೆರಳು ತೋರಿಸಿದಳು. “ಅದೋ, ಹಿಂದಿನ ಬೀದಿ ಹದಿನಾಲ್ಕು. ನಮ್ಮ ಎದುರಿಗೇ. ನಡುವೆ ಸಣ್ಣ ಕಾಲುವೆ. ಸೇತುವೆ ಬಳಸಿ ಹೋದ್ರೆ ಐದು ನಿಮಿಷ.”

ಐದು ನಿಮಿಷ! ಧ್ವನಿಮುದ್ರಕವನ್ನು ಚೀಲಕ್ಕೆ ಸೇರಿಸಿ, ಹಿತ್ತಲಿಗೆ ಓಡಿ, ಸೈಕಲ್ಲು ಹಿಡಿದು ದಡಕ್ಕೆ ಬಂದೆ. ಕಾಲುವೆಯ ಆಚೆ, ನಮ್ಮ ಜನರ ಪದ್ಧತಿಯಂತೆ ಪರದೆಯಿಲ್ಲದ ಆಳೆತ್ತರದ ಗಾಜಿನ ಕಿಟಕಿಯೊಳಗೆ, ಕುರ್ಚಿಗಳ ವೃತ್ತ ಕಾಣುತ್ತಿತ್ತು. ನಡುವೆ ಅತ್ತೆ ಕೈಯೆತ್ತಿ ಏನೋ ಹೇಳುತ್ತಿದ್ದಳು. ಅಂದರೆ ಇನ್ನೂ ಮುಗಿದಿಲ್ಲ! ಕೊನೆಯ ವಾಕ್ಯವಾದರೂ ಸಿಕ್ಕೀತು! ಕಾಲುವೆಯ ಅಗಲವನ್ನು ಅಳೆದೆ: ಎರಡೂವರೆ ಮೀಟರು. ಮೇಲೆಲ್ಲ ಪಾಚಿಯ ಹಸಿರು ಕಂಬಳಿ. ಹಿತ್ತಲಿನಿಂದ ನೀರಿಗೆ ಹುಲ್ಲಿನ ದಡ ಇಳಿಜಾರಾಗಿತ್ತು. ಓದುಗರೇ, ಗಮನಿಸಿ: ಇಡೀ ದಿನದಲ್ಲಿ ಮೊದಲ ಬಾರಿಗೆ ನನ್ನ ಬೆಟ್ಟದ ಸೈಕಲ್ಲಿಗೆ ಒಂದು ಇಳಿಜಾರು ಸಿಕ್ಕಿತ್ತು!

ಹತ್ತಿದೆ. ತುಳಿದೆ. “ತಡೀರಿ! ಬಂದೆ!” ಎಂದು ಕೂಗಿದೆ. ಆಲ್ಪ್ಸಿನ ಸಕಲ ಶಿಖರಗಳ ಶಕ್ತಿಯೂ ಮುಂದಿನ ಸ್ಪ್ರಿಂಗಿನಲ್ಲಿ ಆವಾಹನೆಯಾದಂತೆನಿಸಿತು. ಸೈಕಲ್ಲು ದಡದ ಅಂಚನ್ನು ಬಿಟ್ಟು ಗಗನಕ್ಕೆ ನೆಗೆಯಿತು. ನೆಗೆತದ ಒಟ್ಟು ದೂರ, ಆಮೇಲೆ ಅಳೆದು ನೋಡಲಾಗಿ, ಒಂದು ಮೀಟರು ಇಪ್ಪತ್ತು.

ನೀರು ಸೊಂಟದವರೆಗೆ ಮಾತ್ರ. ಮೊದಲು ಹೋದದ್ದು ತಲೆಯಾದ್ದರಿಂದ ಆ ಅಂಶ ತಿಳಿಯಲು ತುಸು ತಡವಾಯಿತು. ಎದ್ದು, ದಡ ಹತ್ತಿ, ಕನ್ನಡಕಕ್ಕೆ ಅಂಟಿದ್ದ ಅಲ್ಪಸ್ವಲ್ಪ ಹಸಿರನ್ನು ಸರಿಸಿಕೊಂಡು, ಅತ್ತೆಯ ಮನೆಯನ್ನು ಘನತೆಯಿಂದಲೇ ಪ್ರವೇಶಿಸಿದೆ. ಬಾಗಿಲ ಬಳಿ ನಿಂತಿದ್ದವರ ಕೈಕುಲುಕಿ ಅಭಿನಂದಿಸಿದೆ. ಅನಂತರ ಸಭೆಗೆ ವಂದಿಸಿದೆ.

ಹತ್ತೊಂಬತ್ತು ಜನ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು. ರೂಲೀನ್ ಕಾಫಿ ಜಗ್ಗಿನ ಹಿಂದೆ ಮುಖ ಮುಚ್ಚಿಕೊಂಡಿದ್ದಳು.

“ಅತ್ತೆ, ಎಂಬತ್ತರ ಶುಭಾಶಯ! ಕಥೆ... ಎಲ್ಲಿಗೆ ಬಂತು?”

“ಮುಗೀತು,” ಎಂದಳು ಗೆಜೀನಾ. “ಎರಡಕ್ಕೆ ಶುರು ಮಾಡ್ದೆ, ಎರಡೂವರೆಗೆ ಮುಗಿಸ್ದೆ.”

“ಈಗ ಕೈಯೆತ್ತಿ ಹೇಳ್ತಿದ್ರಲ್ಲ?”

“ಅದಾ? ಯಾರೋ ಒಬ್ಬ ಹುಚ್ಚ ಸೈಕಲ್ಲು ತಗೊಂಡು ನೀರಿನ ಕಡೆ ಬರ್ತಿದ್ದಾನೆ, ನೋಡ್ರೋ, ಅಂದೆ.”

ನಾನು ಕೈಮುಗಿಯುವುದೊಂದು ಬಾಕಿ. “ಅತ್ತೆ, ಹನ್ನೊಂದು ವರ್ಷ ಕಾದಿದ್ದೀನಿ. ನನ್ನ ಪುಸ್ತಕ ಅದೊಂದಕ್ಕೇ ನಿಂತಿದೆ. ಇನ್ನೊಂದೇ ಒಂದು ಸಲ...”

“ಒಂದೇ ಸಲ ಅಂದಿದ್ದೆ ತಾನೇ? ಒಂದು ಸಲ ಹೇಳಾಯ್ತು.” ಆಕೆ ವೃತ್ತದತ್ತ ಕೈಬೀಸಿದಳು. “ಹತ್ತೊಂಬತ್ತು ಜನ ಕೇಳಿದ್ದಾರೆ. ಎಲ್ಲರಿಗೂ ಕಿವಿಯಿದೆ, ಬಾಯಿಯಿದೆ. ಅವ್ರಿವ್ರ ನೆನಪು ಕೇಳ್ಕೊಂಡು ಬರೆಯೋದೇ ಅಲ್ವಾ ನಿನ್ನ ಕಸುಬು? ಕೇಳು ಹೋಗು. ಅದಕ್ಕೂ ಮೊದಲು ಸ್ನಾನ ಮಾಡು.”

ನಮ್ಮ ಜನರನ್ನು ಬಲ್ಲವರಿಗೆ ಮುಂದಿನದು ಊಹೆಗೆ ನಿಲುಕುತ್ತದೆ. ಹತ್ತೊಂಬತ್ತು ಮಂದಿಯೂ ಸಹಾಯ ಮಾಡಲು ಸಂತೋಷದಿಂದ ಒಪ್ಪಿ, ಜೇಬಿನಿಂದ ಡೈರಿ ತೆಗೆದರು. ಅತ್ಯಂತ ಹತ್ತಿರದ ಬಿಡುವು ಏಳು ವಾರದ ನಂತರದ ಮಂಗಳವಾರ, ಮೂರೂವರೆಯಿಂದ ನಾಲ್ಕೂಕಾಲರವರೆಗೆ. “ಈಗಲೇ ಎರಡು ಮಾತು ಹೇಳಬಾರದೇ?” ಎಂದು ಅತ್ತೆಯ ತಮ್ಮ ಬೆರೆಂಟ್ ಮಾವನನ್ನು ಗೋಗರೆದೆ. “ಈಗ ನಾನು ಹುಟ್ಟುಹಬ್ಬದಲ್ಲಿದ್ದೀನಪ್ಪಾ” ಎಂದ ಆತ.

ಐದು ತಿಂಗಳ ಕಾಲ ಅವರವರ ಮನೆಗಳಿಗೆ ಹೋದೆ. ರೈಲಿನಲ್ಲಿ. ಸೈಕಲ್ಲು ಮೊಳೆಗೆ ಮರಳಿತ್ತು. ಒಂದೊಂದು ಸಾಕ್ಷ್ಯವನ್ನೂ ಪ್ರತ್ಯೇಕವಾಗಿ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಂತೆ, ವಿಧಿವತ್ತಾಗಿ ಮುದ್ರಿಸಿಕೊಂಡೆ. ಬೆರೆಂಟ್ ಮಾವನ ಪ್ರಕಾರ ಸೇತುವೆ ಎತ್ತದಿದ್ದುದಕ್ಕೆ ಕಾರಣ ಅದರ ಮೇಲೆ ಹಸುವೊಂದು ಕರು ಹಾಕುತ್ತಿದ್ದದ್ದು. ಅವನ ಹೆಂಡತಿಯ ಪ್ರಕಾರ ಹಸುವೂ ಇಲ್ಲ, ಕರುವೂ ಇಲ್ಲ. ಸೇತುವೆಯ ಕೆಳಗೆ ಹಂಸ ಮೊಟ್ಟೆಯಿಟ್ಟಿತ್ತು. ನೆರೆಯವನ ಪ್ರಕಾರ ಮೇಯರರು ಹಿಂದಿನ ವಾರ ಗೆಜೀನಾಳ ತಂದೆಯನ್ನು ಏಕವಚನದಲ್ಲಿ ಮಾತಾಡಿಸಿದ್ದರು. ಒಬ್ಬಾಕೆ ಅದು ಪ್ರೇಮ ಪ್ರಕರಣವೆಂದಳು, ಇನ್ನೊಬ್ಬಾಕೆ ಹಲ್ಲುನೋವು. ಮತ್ತೊಬ್ಬ ಆ ಹೊತ್ತಿಗೆ ಕೇಕಿನ ಎರಡನೆಯ ತುಂಡು ಕೇಳಬಹುದೋ ಬಾರದೋ ಎಂಬ ಚಿಂತೆಯಲ್ಲಿದ್ದುದರಿಂದ ಏನೂ ಕೇಳಿಸಿಕೊಂಡಿರಲಿಲ್ಲ. ಕೊನೆಯ ಸಾಕ್ಷಿಯಾಗಿ ನನ್ನ ಹೆಂಡತಿಯನ್ನು ಅಡುಗೆಮನೆಯ ಮೇಜಿಗೆ ಕೂರಿಸಿ ಕೇಳಿದೆ.

“ನಾನು ಕಿಟಕಿ ಕಡೆ ನೋಡ್ತಿದ್ದೆ,” ಎಂದಳು ರೂಲೀನ್. “ನನ್ನ ಗಂಡ ಇನ್ನೂ ಬಂದಿರ್ಲಿಲ್ಲ.”

ಹತ್ತೊಂಬತ್ತು ಸಾಕ್ಷ್ಯ, ಹದಿನೇಳು ಕಾರಣ, ಎರಡು ಮೌನ. ಇಂಥ ಗೋಜಲಿನಿಂದ ಯಾವ ವಿದ್ವಾಂಸನೂ ಒಂದು ಸತ್ಯವನ್ನು ಹೆಕ್ಕಲಾರ.

ಆದರೆ ವಿಚಿತ್ರವೊಂದಿತ್ತು. ನಾನು ಕೇಳದಿದ್ದರೂ, ಯಂತ್ರ ಆರಿಸಲು ಕೈಚಾಚಿದಾಗಲೆಲ್ಲ, ಹತ್ತೊಂಬತ್ತು ಜನವೂ “ಇನ್ನೊಂದು ಹೇಳ್ಬೇಕು” ಎಂದು ತಾವಾಗಿಯೇ ಒಂದು ಪ್ರಸಂಗವನ್ನು ಸೇರಿಸಿದ್ದರು. ಅದರಲ್ಲಿ ಒಂದಕ್ಷರದ ವ್ಯತ್ಯಾಸವಿರಲಿಲ್ಲ: ನೀರಿನಿಂದ ಎದ್ದ ಈವರ್ಟ್ ಒಳಗೆ ಬಂದ. ಕನ್ನಡಕದ ಎರಡೂ ಗಾಜಿನ ಮೇಲೆ ಅಂಗೈ ದಪ್ಪದ ಪಾಚಿ. ಹೆಲ್ಮೆಟ್ಟಿನ ಮೇಲೆ ಬಸವನಹುಳು. ಬಾಗಿಲ ಬಳಿಯ ಕೋಟು ನೇತುಹಾಕುವ ಸ್ಟ್ಯಾಂಡಿನ ತೋಳನ್ನು ಎರಡೂ ಕೈಯಿಂದ ಹಿಡಿದು ಕುಲುಕಿ, “ನಿಮ್ಮ ತಾಯಿಯವರ ಎಂಬತ್ತನೇ ಹುಟ್ಟುಹಬ್ಬಕ್ಕೆ ಹೃತ್ಪೂರ್ವಕ ಅಭಿನಂದನೆ” ಎಂದ. ಸ್ಟ್ಯಾಂಡು ಸುಮ್ಮನಿತ್ತು. ಅದಕ್ಕೆ ಕಿವಿ ಮಂದವಿರಬೇಕೆಂದುಕೊಂಡು ಇನ್ನೊಮ್ಮೆ, ಗಟ್ಟಿಯಾಗಿ ಅಂದ.

ಮೇಲೆ ನಾನು ‘ಘನತೆಯಿಂದಲೇ ಪ್ರವೇಶಿಸಿದೆ’ ಎಂದು ಬರೆದಿದ್ದೇನೆ. ಒಂದು ಸಾಕ್ಷ್ಯ ಒಂದು ಕಡೆ, ಹತ್ತೊಂಬತ್ತು ಇನ್ನೊಂದು ಕಡೆ ಇದ್ದಾಗ ಏನು ಮಾಡಬೇಕೆಂದು ಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ. ಓದುಗರು ದಯವಿಟ್ಟು ಆ ವಾಕ್ಯವನ್ನು ಹೊಡೆದುಹಾಕಬೇಕು.

ಕರಡನ್ನು ಅತ್ತೆಗೆ ಕೊಟ್ಟೆ. ಎರಡು ದಿನ ಓದಿ, ಕನ್ನಡಕ ತೆಗೆದು, ಹಾಳೆಗಳನ್ನು ಸರಿಯಾಗಿ ಜೋಡಿಸಿ ಹಿಂದಿರುಗಿಸಿದಳು.

“ಸೇತುವೆ ವಿಷಯ ಎಲ್ಲರೂ ಹೇಳಿರೋದು ತಪ್ಪು,” ಎಂದಳು. “ಕೋಟ್ ಸ್ಟ್ಯಾಂಡಿನ ವಿಷಯ ಎಲ್ಲರೂ ಹೇಳಿರೋದು ಸರಿ. ಇತಿಹಾಸ ಬರಿಯೋನು ನೀನು, ಸರಿಯಾಗಿರೋದನ್ನ ಅಚ್ಚು ಹಾಕ್ಸು.”